ಉಜ್ಜಿ ತೋರಿಸು

ಶ್ರೀರಾಂಪುರದ ಗುರುಮಲ್ಲಪ್ಪನವರ ಮನೆಯಲ್ಲಿ ಹಲ್ಲುಪುಡಿಯೂ ಪ್ರಸಾದವೇ. ಮಠದ ಹಿರಿಯ ಸ್ವಾಮಿಗಳು ಅವರ ತಾತನಿಗೆ ಹೇಳಿಕೊಟ್ಟ ಪುಡಿಯಂತೆ. ಅದನ್ನು ಮಾರಿಯೇ ಮನೆ ಕಟ್ಟಿದ್ದು. ಅದರಲ್ಲಿ ಹಲ್ಲುಜ್ಜದ ಸೊಸೆ ಒಲೆ ಹಚ್ಚುವಂತಿಲ್ಲ, ಲಿಂಗಪೂಜೆಯ ನೀರು ಮುಟ್ಟುವಂತಿಲ್ಲ.

ಸೊಸೆ ಪ್ರೇಮಲೀಲಾಳ ಮೇಲ್ದುಟಿ ಊದಿಕೊಂಡದ್ದು ಮದುವೆಯಾದ ಮರುವರ್ಷ, ತೊಂಬತ್ತೇಳರಲ್ಲಿ. ಮೊದಮೊದಲು ಊತ ಬಂದು ಹೋಗುತ್ತಿತ್ತು; ಆಮೇಲೆ ಬಂದದ್ದು ಹೋಗಲೇ ಇಲ್ಲ. ಒಸಡು ಕೆಂಪಾಗಿ, ಸಾರು ತಗುಲಿದರೆ ಪ್ರಾಣ ಹೋಗುತ್ತಿತ್ತು. ಅತ್ತೆ ಮಂಗಳಮ್ಮ ನಾಗದೋಷ ಎಂದರು. ಅದೇ ಪುಡಿಯನ್ನು ಕಲಸಿ ತುಟಿಗೆ ಮೆತ್ತಿದರು. ಊತ ಇನ್ನಷ್ಟು ಏರಿತು. ನೆಂಟರು ಬಂದಾಗ ಒಳಗೇ ಇರು ಎಂದು ಅಪ್ಪಣೆಯಾಯಿತು. ಪ್ರೇಮಲೀಲಾಳಿಗೆ ಕನ್ನಡಿ ಕಂಡರೆ ಮೈ ಉರಿಯುತ್ತಿತ್ತು.

ಕೊನೆಗೆ ತವರಿನವರೇ ಚರ್ಮದ ಡಾಕ್ಟರಿಗೆ ತೋರಿಸಿದರು. ಡಾಕ್ಟರು ತುಟಿಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. "ಅಪರೂಪದ ಉರಿಯೂತ ಕಣಮ್ಮ, ದೋಷ ಗೀಷ ಏನಿಲ್ಲ" ಎಂದು ತುಟಿಗೇ ಇಂಜೆಕ್ಷನ್ ಕೊಟ್ಟರು. ಏನು ತಿಂತೀರಿ, ಹಲ್ಲಿಗೆ ಏನು ಹಾಕ್ತೀರಿ ಎಂದೆಲ್ಲ ಕೆದಕಿ ಕೇಳಿದಾಗ ಪುಡಿಯಲ್ಲಿ ದಾಲ್ಚಿನ್ನಿ ಚಕ್ಕೆ ಇರುವುದು ಹೊರಬಿತ್ತು. "ಬೇರೆಯವ್ರಿಗೆ ಅದು ಏನೂ ಮಾಡಲ್ಲ. ನಿಮ್ಮ ಬಾಯಿಗೆ ಒಗ್ತಿಲ್ಲ. ಬಿಟ್ಟು ನೋಡಿ."

ತವರಿನಲ್ಲಿದ್ದುಕೊಂಡು ಪುಡಿ ಬಿಟ್ಟಳು. ಮಳೆಗಾಲ ಮುಗಿಯುವಷ್ಟರಲ್ಲಿ ತುಟಿ ಮೊದಲಿನಂತಾಯಿತು. ಖುಷಿಯಲ್ಲಿ ಗಂಡನ ಮನೆಗೆ ಬಂದು ಡಾಕ್ಟರ ಮಾತನ್ನು ಹೇಳಿಯೇಬಿಟ್ಟಳು.

ಗುರುಮಲ್ಲಪ್ಪನವರ ಮುಖ ಕಪ್ಪಿಟ್ಟಿತು. "ಸ್ವಾಮಿಗಳ ಪುಡಿ ತುಟಿ ಊದಿಸ್ತದಾ? ಎಲ್ಲಿ, ನನ್ನೆದುರಿಗೆ ಉಜ್ಜು, ನೋಡೇಬುಡೋಣ."

ಉಜ್ಜಿದಳು. ಕಣ್ಣಾರೆ ಕಂಡರೆ ನಂಬಿಯಾರು ಎಂಬ ಆಸೆ, ಪಾಪ. ಮರುದಿನಕ್ಕೆ ತುಟಿ ಬಾತು ಮೂಗಿನವರೆಗೆ ಬಂದಿತ್ತು. ಆ ಸುಡುವ ತುಟಿಯಲ್ಲೇ, ಗೆದ್ದವಳ ಹಾಗೆ ಮಾವನೆದುರು ನಿಂತಳು.

ಅವರು ಚೆನ್ನಾಗಿಯೇ ನೋಡಿದರು. "ಅನುಮಾನ ಇಟ್ಕೊಂಡು ಉಜ್ಜಿದ್ರೆ ಇನ್ನೇನಾಗ್ತದೆ? ಕಾಯಿಲೆ ಇರೋದು ನಿನ್ನ ಭಕ್ತೀಲಿ ಕಣಮ್ಮ."

ಗಂಡ ಚಂದ್ರಮೌಳಿ ಪಕ್ಕದಲ್ಲೇ ಕೂತು ಪುಡಿಯ ಡಬ್ಬಿಗಳಿಗೆ ಮುಚ್ಚಳ ಹಾಕುತ್ತಿದ್ದ. "ನೀವಾದ್ರೂ ಹೇಳ್ರೀ" ಎಂದಳು.

"ಅಪ್ಪಾಜಿಗೆ ಎದುರಾಡ್ಬೇಡ, ಸುಮ್ಕಿದ್ಬುಡು" ಎಂದ, ತಲೆಯೆತ್ತದೆ.

ಅವಳಿಗೆ ಮಾವನ ಮೇಲಿನ ಸಿಟ್ಟೂ ಮರೆತುಹೋಯಿತು. ಈ ಗಂಡಸಿನ ಜೊತೆ ಬಾಳಬೇಕಲ್ಲ ಎಂದು ಹೇಸಿಗೆಯಾಯಿತು.

ಮಾರನೆಯ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಅವನೇ ಡಬ್ಬಿ ಹಿಡಿದು ನಿಂತಿದ್ದ. "ಒಂಚೂರು ಉಜ್ಜು, ಒಲೆ ಹಚ್ಬೇಕಲ್ಲ" ಎಂದು ಅವಳ ಅಂಗೈಗೆ ಪುಡಿ ಸುರಿದ. ಅವಳ ಊದಿದ ತುಟಿಯನ್ನು ನೋಡುತ್ತಲೇ ಸುರಿದ.