ಆರಿಸಿದ ಬತ್ತಿಯ ತುಂಡು

"ತೋರ್ಸೋ ಜೇಬು, ಕಳ್ಳ ಸೂಳೇಮಗನೆ!"

ನಾಟಕಶಾಲೆಯ ಧಣಿ ಹಾರ್ಬಿನ್, ದೀಪದಾಳು ಎನಾಕ್‌ನ ಕೋಟು ಹಿಡಿದು ಜಗ್ಗಿದ. ಹಳೇ ಕೋಟು. ಹೊಲಿಗೆ ಬಿಟ್ಟುಕೊಂಡು ದನದ ಕೊಬ್ಬಿನಿಂದ ಎರೆದ ಬತ್ತಿಯ ತುಂಡುಗಳು ರಂಗದ ಹಲಗೆಯ ಮೇಲೆ ಉರುಳಿದವು. ತಾಲೀಮಿಗೆ ಬಂದ ನಟರೆಲ್ಲ ಸುತ್ತ ನಿಂತರು. ರಾಜನ ಪಾರ್ಟಿನ ಕ್ರಾಫ್ಟನ್ ಒಂದು ತುಂಡನ್ನು ಕಾಲಿನಿಂದ ತಳ್ಳಿ, "ಇಲಿಗೂ ಇವನಿಗೂ ಒಂದೇ ಊಟ ಕಣ್ರಯ್ಯಾ," ಅಂದ. ನಟಿಯರು ಬೀಸಣಿಗೆ ಅಡ್ಡ ಹಿಡಿದು ಕಿಸಕ್ಕೆಂದರು.

ಎನಾಕ್ ಮೂವತ್ತು ವರ್ಷದಿಂದ ಆ ರಂಗದ ದೀಪದವನು. ಬತ್ತಿ ಹಚ್ಚುವುದು, ಆಟ ನಡೆಯುತ್ತಿರುವಾಗಲೇ ನಟರ ನಡುವೆ ನುಸುಳಿ ಕರಟಿದ ಕುಡಿ ಕತ್ತರಿಸುವುದು, ಕೊನೆಗೆ ಎಲ್ಲ ಆರಿಸುವುದು. ಅವನ ಬೆನ್ನು ಬಗ್ಗಿದ್ದೇ ಆ ಕೆಲಸದಲ್ಲಿ.

"ಕದ್ದಿದ್ದಲ್ಲ ಧಣೀ. ಒಂದ್ಸಲ ಆರಿಸಿದ ಬತ್ತೀನ ಈ ನಾಟಕದ ಮನೇಲಿ ಮತ್ತೆ ಹಚ್ಚಲ್ಲ. ತುಂಡು ದೀಪದೋನ್ದು. ನಿಮ್ಮಪ್ಪಾರೇ ಕೈಯೆತ್ತಿ ಕೊಡ್ತಿದ್ರು."

"ನಮ್ಮಪ್ಪ ಸತ್ತ. ಒಂದಿನ ಬಾಗ್ಲು ತೆಗೆದ್ರೆ ಅರವತ್ತು ಪೌಂಡು ಖರ್ಚು, ಗೊತ್ತೇನೋ? ಇವ್ರ ಟೋಪಿ ಗರಿಗೇ ಆರು ಪೌಂಡು. ಎಲ್ಲಿಂದ ತರ್ಲಿ, ನಿನ್ ಹೆಂಡ್ತಿ ಲಂಗದಿಂದ್ಲಾ? ಇನ್ಮೇಲೆ ತುಂಡು ನಂದು. ಬೆರಳುದ್ದ ಉಳಿದ್ರೂ ಅದನ್ನೇ ಹಚ್ಬೇಕು. ಈ ವಾರ ಅರ್ಧ ಕೂಲಿ ದಂಡ."

ಕ್ರಾಫ್ಟನ್ ಗರಿ ಸವರಿಕೊಂಡ. ಆರು ಪೌಂಡು ಅಂದರೆ ಎನಾಕ್‌ನ ಹದಿನೈದು ವಾರದ ಕೂಲಿ. ಎನಾಕ್ ಮಂಡಿಯೂರಿ ತುಂಡುಗಳನ್ನು ಹೆಕ್ಕಿ ಧಣಿಯ ಕೈಗೆ ಕೊಟ್ಟ.

ಕೆಳಗಿನ ಒಗೆಯುವ ಕೋಣೆಯಲ್ಲಿ ಅವನ ಹೆಂಡತಿ ಕೆಜಾಯ ರಾಜನ ಕೊರಳಪಟ್ಟಿಯನ್ನು ಬೂದಿನೀರಲ್ಲಿ ತಿಕ್ಕುತ್ತಿದ್ದಳು. ಬೆರಳ ಸಂದಿಯೆಲ್ಲ ಬಿರಿದಿತ್ತು. ಎನಾಕ್ ಇಳಿದು ಬಂದು ನಡೆದದ್ದು ಹೇಳಿದ.

"ತುಂಡು ಮಾರಿದ್ ದುಡ್ಡೇ ಅಲ್ವಾ ಬಾಡ್ಗೆಗೆ ಹೋಗ್ತಿದ್ದಿದ್ದು? ಶನಿವಾರ ಆ ಮನೆ ಒಡತಿ ಪೆಲ್ ಮುದ್ಕಿ ಹಾಸ್ಗೆ ಸಮೇತ ಬೀದಿಗೆ ಎಸೀತಾಳೆ."

"ಎಸೀತಾಳೆ."

"ಆಚೆ ನಾಟಕದೋರನ್ನ ಹೋಗಿ ಕೇಳ್ಬಾರ್ದಾ?"

"ಲಂಡನ್ನಿಗೆಲ್ಲ ನಾಟಕ ಆಡೋ ಅಪ್ಪಣೆ ಇರೋವು ಎರಡೇ ಮನೆ ಕಣೇ. ನಮ್ ಧಣಿ ಬಿಟ್ಟಿದೀನಿ ಅಂತ ಚೀಟಿ ಕೊಡ್ದೆ ಆ ಮನೆ ಧಣಿ ಸೇರಿಸ್ಕೊಳಲ್ಲ, ಅವನ ಚೀಟಿ ಇಲ್ದೆ ಇವನು. ಇಬ್ರೂ ಕುಡ್ಕೊಂಡು ಕೂತು ಮಾಡ್ಕೊಂಡಿರೋ ಒಪ್ಪಂದ. ಪರದೆ ಎಳಿಯೋ ನೆಡ್ ಬಿಟ್ಟು ಹೋದ್ನಲ್ಲ, ಈಗ ಸೇತುವೆ ಕೆಳಗೆ ಮಲಗ್ತಾನೆ."

ಕೆಜಾಯ ಕೊರಳಪಟ್ಟಿ ಹಿಂಡಿದಳು. ಅದರ ಮೇಲೆ ಅವಳದೇ ರಕ್ತದ ಕಲೆ ಕೂತಿತು. "ಈ ಧಣಿ ವಂಶ ನಿರ್ವಂಶ ಆಗ," ಎಂದು ಬೈದು ಮತ್ತೆ ಬೂದಿನೀರಿಗೆ ಅದ್ದಿದಳು.

ಸಂಜೆ ಆರಕ್ಕೆ ಆಟ. ಹೊಸ ಬತ್ತಿಗಳ ನಡುವೆ ನಿನ್ನೆಯ ತುಂಡುಗಳೂ ಹೊಗೆಯಾಡುತ್ತಿದ್ದವು. ಮೂರನೇ ಅಂಕದಲ್ಲಿ ರಾಜ ತನ್ನ ಬೊಕ್ಕಸ ತೆರೆದು ಬಡವರಿಗೆ ಚಿನ್ನ ಹಂಚುವ ದೃಶ್ಯ. ಚಿನ್ನವೆಂದರೆ ಬಣ್ಣ ಬಳಿದ ತಗಡು, ಆದರೂ ಸಾಹುಕಾರರ ಹೆಂಡಿರು ಕಣ್ಣೊರೆಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಕುಡಿ ಕರಟಿ ನಾತ ಹೊಡೆಯಿತು. ಎನಾಕ್ ಕತ್ತರಿ ಹಿಡಿದು ರಂಗಕ್ಕೆ ಬಂದ.

"ಬಂದ್ರಪ್ಪೋ ಮಹಾರಾಜ್ರು!" ಮೇಲಿನ ಅಗ್ಗದ ಅಟ್ಟದಿಂದ ಯಾರೋ ಕೂಗಿದ. ಕಿತ್ತಳೆ ಸಿಪ್ಪೆ ಎನಾಕ್‌ನ ತಲೆಗೆ ಬಿತ್ತು. ಎಂದಿನದೇ ತಮಾಷೆ.

"ಬೇಗ ಮುಗ್ಸೋ ನಾಯಿ," ರಾಜ ತುಟಿ ಅಲ್ಲಾಡಿಸದೆ ಗುರುಗುಟ್ಟಿದ.

ಎನಾಕ್ ಮೊದಲ ಕುಡಿಗೆ ಕತ್ತರಿ ಹಿಡಿದ. ಮೂವತ್ತು ವರ್ಷದಲ್ಲಿ ಆಟದ ನಡುವೆ ಅವನ ಕೈಯಲ್ಲಿ ಒಂದು ಬತ್ತಿಯೂ ಆರಿರಲಿಲ್ಲ. ಕತ್ತರಿ ಬಿಟ್ಟು ಉಫ್ ಎಂದು ಊದಿದ, ಬತ್ತಿ ಕಿತ್ತು ಜೇಬಿಗೆ ಹಾಕಿದ. ಎರಡನೆಯದನ್ನೂ. ಮೂರನೆಯದು ಇನ್ನೂ ಗೇಣುದ್ದವಿತ್ತು, ಅದನ್ನೂ. ಬಿಸಿ ಕೊಬ್ಬು ತೊಡೆಯ ಮೇಲೆ ಇಳಿಯಿತು. ಅಟ್ಟದವರು ಮೊದಲು ನಕ್ಕರು, ಆಮೇಲೆ ಕಟಕಟೆಗೆ ಬಾಗಿ ನೋಡಿದರು. ರಂಗದ ಅಂಚಿನ ಸಾಲು ಮುಗಿಸಿ ಪಕ್ಕದ ದೀಪದ ಕಂಬಗಳಿಗೆ ಹೋದ. ಸಾಹುಕಾರರು ತಮ್ಮ ಆಸನಗಳ ಪಕ್ಕದ ಮೇಣದ ಬತ್ತಿಗಳ ಬೆಳಕಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ರಾಜನ ಗರಿ ಕೂಡ ಕಾಣುತ್ತಿರಲಿಲ್ಲ.

ಪಕ್ಕದ ಪರದೆಯ ಹತ್ತಿರ, ಕೆಳಗಿನಿಂದ ಬಂದ ಕೆಜಾಯ ಒದ್ದೆ ಕೈಯಲ್ಲೇ ಸೊಂಟಕ್ಕೆ ಕಟ್ಟಿದ ಬಟ್ಟೆಯ ಮಡಿಲು ಚಾಚಿ ನಿಂತಿದ್ದಳು. ಎನಾಕ್ ಜೇಬುಗಳನ್ನು ಅದರಲ್ಲಿ ಬರಿದು ಮಾಡಿದ.

ಬಾಗಿಲಿಗೆ ಅಡ್ಡ ಹಾರ್ಬಿನ್, ಅವನ ಹಿಂದೆ ದೊಣ್ಣೆ ಹಿಡಿದ ಇಬ್ಬರು.

"ಹಚ್ಚೋ," ಧಣಿ ಬಾಗಿಲು ಬಿಡದೆ ಅಂದ. "ಈಗ್ಲೇ ಹಚ್ಚೋ ಬೋಳಿಮಗನೆ!"

ಎನಾಕ್ ಇಡೀ ನಾಟಕಶಾಲೆಗೆ ಕೇಳುವಂತೆ ಹೇಳಿದ:

"ಆರಿಸಿದ್ದನ್ನ ಮತ್ತೆ ಹಚ್ಚಲ್ಲ ಧಣೀ."