ಫ್ರೀಜರಿನಲ್ಲಿಡುವ ಹಿಮ

ಮೀನು ಮಗುಚುವ ಸಟ್ಟುಗದಿಂದ ಒಡೀಲ್ ತನ್ನ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಳು. ಕಾಲಿಗೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ, ಚೀಲದ ಬಾಯಿಗೆ ರಬ್ಬರ್ ಬ್ಯಾಂಡು. ಪಕ್ಕದ ಮನೆಯ ಅಡುಗೆಮನೆ ಕಿಟಕಿಯಿಂದ ಇದನ್ನು ನೋಡುತ್ತಿದ್ದ ಸಿಗ್ರಿಡ್, "ಥೂ, ಪೆದ್ದು ಮುಂಡೇವು" ಎಂದಳು.

ಲೂಸಿಯಾನದ ಆ ತಗ್ಗು ಊರಿನಲ್ಲಿ ಹಿಮ ಕಂಡಿದ್ದವರೇ ಅಪರೂಪ. ನೆಲದ ಮೇಲೆ ಅರ್ಧ ಗೇಣೂ ಇಲ್ಲ, ಅಷ್ಟಕ್ಕೇ ಶಾಲೆ, ಬ್ಯಾಂಕು, ಕೋರ್ಟು ಎಲ್ಲ ಬಂದ್. ರೇಡಿಯೊದವನು ಪ್ರಳಯವೇ ಬಂತೆಂಬಂತೆ ಅರಚುತ್ತಿದ್ದ. ನದಿಯ ಒಡ್ಡಿನ ಮೇಲಿಂದ ಚರ್ಚಿನ ಪಾದ್ರಿ ಐಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ಕೂತು, ನಿಲುವಂಗಿಯನ್ನು ಮೊಣಕಾಲಿಗೆ ಎತ್ತಿಕೊಂಡು, ಕಿರುಚುತ್ತ ಕೆಳಕ್ಕೆ ಜಾರುತ್ತಿದ್ದ. ಇವನು ದೇವರ ಮನುಷ್ಯನಂತೆ! ಸಿಗ್ರಿಡಳ ಊರು, ದೂರದ ಉತ್ತರದ ಮಿನೆಸೋಟದಲ್ಲಿ ಇಷ್ಟು ಹಿಮವನ್ನು ಬಾಗಿಲ ಚಾಪೆಯಿಂದ ಕೊಡವಿ ಸುಮ್ಮನಾಗುತ್ತಾರೆ.

ಅವಳು ಮಿನೆಸೋಟ ಬಿಟ್ಟಿದ್ದೇ ಹಿಮದ ಮುಖ ನೋಡಬಾರದೆಂದು. ಒಂದು ಬೆಳಿಗ್ಗೆ ಮನೆಯ ಮುಂದಿನ ದಾರಿಯ ಹಿಮ ತೆಗೆಯಲು ಹೋದ ಗಂಡ ಆರ್ವಿಡ್ ಸಲಿಕೆಯ ಮೇಲೇ ಕುಸಿದಿದ್ದ. ಕಾಫಿ ಆರುತ್ತಿದೆಯೆಂದು ಬೈಯುತ್ತ ಇವಳು ಬಾಗಿಲು ತೆರೆದಾಗ ಅವನ ಬೆನ್ನಿನ ಮೇಲೆ ಆಗಲೇ ಹೊಸ ಹಿಮ ಕೂತಿತ್ತು. ಆಮೇಲೆ ಪ್ರಾರ್ಥನೆಯ ಒಂದು ಸಾಲೂ ಅವಳ ಬಾಯಿಗೆ ಬರಲಿಲ್ಲ. ದಕ್ಷಿಣಕ್ಕೆ ಬಂದಳು. ಇಲ್ಲಿಯ ಯಾವುದೂ ಹಿಡಿಸಲಿಲ್ಲ. ಕಾಫಿಯೆಂದರೆ ಡಾಂಬರು. ಊಟವೆಂದರೆ ಬರೀ ಖಾರ. ಜನವೋ, ಹೆಣದ ಮುಂದೆ ಕೂತೂ ನಗುವವರು.

"ಸಿಗ್ರಿಡಮ್ಮಾ, ಬನ್ರೀ ಹೊರಗೆ!" ಒಡೀಲ್ ಸಟ್ಟುಗ ಬೀಸಿ ಕರೆದಳು. "ಹಿಮದೂರಿನೋರು ನೀವು. ಇದ್ರಲ್ಲಿ ಹೇಗೆ ಆಡ್ಬೇಕು ಹೇಳ್ಕೊಡಿ."

ಸಿಗ್ರಿಡ್ ಕಿಟಕಿಯ ಗಾಜನ್ನು ಮೇಲಕ್ಕೆತ್ತಿದಳು. "ಹಿಮ ಇರೋದು ಆಡೋಕಲ್ಲ, ಎತ್ತಿ ಬಿಸಾಕೋಕೆ."

ಕಿಟಕಿ ಇಳಿಸುವಾಗ ಕಣ್ಣು ಆಚೆ ಹೋಯಿತು. ಒಡೀಲಳ ಗಂಡ, ಎಂಬತ್ತು ದಾಟಿದ ಆಲ್ಸೀಡ್, ಅಂಗಳದ ಮೂಲೆಯಲ್ಲಿ ಬಗ್ಗಿ ಸಲಿಕೆಯಿಂದ ಹಿಮ ಎತ್ತುತ್ತಿದ್ದ. ಎತ್ತಿದ, ನಿಂತ, ಎದೆಯ ಮೇಲೆ ಕೈಯಿಟ್ಟು ಉಸಿರೆಳೆದ, ಮತ್ತೆ ಬಗ್ಗಿದ.

ಕೋಟು ಹಾಕಿಕೊಳ್ಳಲೂ ನಿಲ್ಲದೆ ಅವಳು ಓಡಿದಳು.

"ಬಿಡ್ರಿ ಅದನ್ನ! ಬಿಡ್ರಿ ಅಂದ್ರೆ!" ಸಲಿಕೆ ಕಿತ್ತು ದೂರ ಎಸೆದಳು. "ಬುದ್ಧಿ ಇದೆಯಾ ನಿಮಗೆ? ನಾಳೆ ಬಿಸಿಲಿಗೆ ತಾನಾಗೇ ಕರಗಿ ಹೋಗುತ್ತೆ. ಯಾರ್ರೀ ತೆಗಿ ಅಂದಿದ್ದು?"

"ತೆಗೀತಿಲ್ಲಮ್ಮ, ತುಂಬ್ಕೋತಿದೀನಿ." ಆಲ್ಸೀಡ್ ಕಾಲ ಬಳಿಯಿದ್ದ ಸೀಗಡಿ ಬೇಯಿಸುವ ಹಂಡೆ ತೋರಿಸಿದ. "ಕರಗುತ್ತಲ್ಲ, ಅದಕ್ಕೇ. ಮೀನೆಲ್ಲ ತೆಗೆದು ಫ್ರೀಜರಲ್ಲಿ ಜಾಗ ಮಾಡಿದೀನಿ. ಇನ್ನೊಂದ್ಸಲ ಇದು ಬರೋವರೆಗೂ ನಾನಿರ್ತೀನಾ?"

ಫ್ರೀಜರಿನಲ್ಲಿ ಹಿಮ! ಇಷ್ಟು ದಡ್ಡ ಮಾತನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಬೈಯಲೆಂದು ಬಾಯಿ ತೆರೆದರೆ ನಗು ಬಂತು. ಹೊಟ್ಟೆ ಹಿಡಿದು ನಕ್ಕಳು, ನಗುತ್ತಲೇ ಮಂಡಿಯೂರಿದಳು. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ.

"ನಮ್ಮೋರು ಸಲಿಕೆ ಹಿಡ್ಕೊಂಡೇ ಹೋಗಿದ್ದು," ಎಂದಳು.

ಆಲ್ಸೀಡ್ ಟೋಪಿ ತೆಗೆದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಬೋಳು ತಲೆಯ ಮೇಲೆ ಹಿಮ ಒಂದೊಂದೇ ಎಸಳಾಗಿ ಬೀಳುತ್ತಿತ್ತು.

"ಆವತ್ತೂ ಹೀಗೇ ಬೀಳ್ತಿತ್ತಾ?"

"ಹೂಂ."

"ಚೆನ್ನಾಗಿತ್ತಾ ನೋಡೋಕೆ?"

ಇಂಥ ಮಾತನ್ನು ಯಾರೂ ಅವಳನ್ನು ಕೇಳಿರಲಿಲ್ಲ. ಮೂರ್ಖನಲ್ಲದೆ ಇನ್ಯಾರು ಕೇಳಿಯಾರು?

"ಚೆನ್ನಾಗೇ ಇತ್ತು," ಎಂದಳು.

ಹಂಡೆಯೊಳಗೆ ಇಣುಕಿದಳು. "ಇದೇನ್ರೀ, ಬರೀ ಮಣ್ಣು! ಮೇಲ್ಮೇಲಿಂದ ತೆಗೀಬೇಕು. ಅಷ್ಟೂ ಗೊತ್ತಾಗಲ್ವಾ?" ಎಂದು ಎಲ್ಲವನ್ನೂ ಸುರಿದು, ಬರಿಗೈಯಲ್ಲಿ ಬಾಚಿ ಬಾಚಿ ಹೊಸದಾಗಿ ತುಂಬತೊಡಗಿದಳು. ಊಟಕ್ಕೆ ಮೊದಲು ಆರ್ವಿಡ್ ಗೊಣಗುತ್ತಿದ್ದ ಪ್ರಾರ್ಥನೆ ತನ್ನ ಬಾಯಿಂದ ಬರುತ್ತಿದೆಯೆಂದು ಹಂಡೆ ಅರ್ಧ ತುಂಬುವವರೆಗೆ ಅವಳಿಗೇ ತಿಳಿಯಲಿಲ್ಲ. ತಿಳಿದ ಮೇಲೂ ನಿಲ್ಲಿಸಲಿಲ್ಲ.

ಒಡೀಲ್ ಓಡಿ ಬಂದು ಅವಳ ತಲೆಯ ಮೇಲೆ ಕೊಡೆ ಬಿಚ್ಚಿ ಹಿಡಿದಳು. ಹಿಮಕ್ಕೆ ಕೊಡೆ! ಸಿಗ್ರಿಡ್ ತಲೆಯೆತ್ತಿ ನೋಡಿದಳು. ನೆನೆದ ಬೆರಳಿನಿಂದ ಕೊಡೆಯ ಅಂಚನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.