ಬಿರುಕಿಗೆ ಬರೆದ ಮರ

ಸೊಸೆಯ ಉಗುರುಸಂದಿಯಲ್ಲಿ ಕಂದು ಬಣ್ಣ ಕೂತುಬಿಟ್ಟಿತ್ತು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಬೆಳಗಾಗುವ ಮುಂಚೆ ಬೇರೆಯವರ ಮನೆಯ ಪಾತ್ರೆ, ಹಗಲೆಲ್ಲ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಅಭ್ಯಾಸ, ಸಂಜೆ ಕಾಲೇಜು. ಚಿತ್ರಕಲೆಯ ಟೀಚರ್ ಆಗಲು ಪದವಿಯೊಂದೇ ಸಾಲದಂತೆ. ಅದರ ಮೇಲೊಂದು ಓದು, ಆಮೇಲೆ ಸರ್ಟಿಫಿಕೇಟು. ಅದು ಕೈಗೆ ಬಂದರೆ ನಮ್ಮ ಮನೆಗೊಂದು ಆಸರೆ.

ನನ್ನ ಮಗ ಗಾರೆ ಕೆಲಸದವನು. ಕಟ್ಟುತ್ತಿದ್ದ ಗೋಡೆಯೇ ಅವನ ಮೇಲೆ ಬಿತ್ತು. ದೇವರ ಇಚ್ಛೆ ಎಂದರು. ನಾನೂ ಕೈಮುಗಿದೆ.

ಸೊಸೆಗೆ ಕೊಟ್ಟ ಪರೀಕ್ಷೆಯ ಕೆಲಸ, ಸಣ್ಣ ಮಕ್ಕಳ ಕೋಣೆಯ ಗೋಡೆಯ ಮೇಲೆ ದೊಡ್ಡದೊಂದು ಮರ ಬರೆಯುವುದು. ಆ ಗೋಡೆ ಬುಡದಿಂದ ಬಿರಿದಿತ್ತು. ಕಾಲೇಜಿನ ಮುಖ್ಯಸ್ಥರನ್ನು ಹುಡುಗಿಯರು ಮರೆಯಲ್ಲಿ ಸುಣ್ಣದ ಮೇಷ್ಟ್ರು ಎನ್ನುತ್ತಿದ್ದರು. ಶಾಲೆಯ ಕಟ್ಟಡವನ್ನು ಗುತ್ತಿಗೆ ಹಿಡಿದು ಕಟ್ಟಿಸಿದವನು ಅವರ ಭಾವಮೈದ.

"ದೊಡ್ಡ ಸೀಳಿನ ಮೇಲೆ ಕಾಂಡ ಎಳಿ. ಸಣ್ಣವನ್ನೆಲ್ಲ ಕೊಂಬೆ ಮಾಡು," ಎಂದರಂತೆ ಮೇಷ್ಟ್ರು.

"ಸರ್, ಗೋಡೆ..."

"ನೀನು ಚಿತ್ರ ಕಲಿಯೋಕೆ ಬಂದೋಳೋ, ಗೋಡೆ ಕಟ್ಟೋಕೋ?"

ಅವಳು ಬರೆದಳು. ಮರ ಚೆನ್ನಾಗಿಯೇ ಬಂತು. ಮಾರನೆಯ ದಿನ ಮಕ್ಕಳು ಕುಣಿದಾಡಿದವು.

"ಮಿಸ್, ಮಿಸ್! ಮರಕ್ಕೆ ಹೊಸ ಕೊಂಬೆ ಬಂದಿದೆ!"

ಆ ಕೊಂಬೆಯನ್ನು ಅವಳು ಬರೆದಿರಲಿಲ್ಲ.

"ಅದಕ್ಕೂ ಎಲೆ ಹಚ್ಚು," ಎಂದರು ಮೇಷ್ಟ್ರು.

ಹಚ್ಚಿದಳು. ಇನ್ನೊಂದು ಬಂತು. "ನಿನ್ನ ಮರಕ್ಕೆ ಗೊಬ್ಬರ ಏನು ಹಾಕ್ತೀಯೇ?" ಎಂದು ಜೊತೆಯವಳು ನಕ್ಕಳಂತೆ. ಅದನ್ನು ಹೇಳುತ್ತ ಸೊಸೆಯೂ ನಕ್ಕಳು. ತಟ್ಟೆಯನ್ನು ಮಾತ್ರ ಹಾಗೇ ಸರಿಸಿ ಎದ್ದಳು.

ಒಂದು ಮಧ್ಯಾಹ್ನ ಬುತ್ತಿ ಕೊಡಲು ಹೋದವನು ಆ ಎಲೆಗಳ ಮೇಲೆ ಕೈಯಿಟ್ಟೆ. ಅಂಗೈಗೆ ಮರಳು ಉದುರಿತು. ಮಗನನ್ನು ಮನೆಗೆ ತಂದಾಗ ಅವನ ತಲೆಗೂದಲಿನಲ್ಲಿ ಇದೇ ಮರಳಿತ್ತು.

"ಬೇಡ ಕಣಮ್ಮ."

"ಸರ್ಟಿಫಿಕೇಟು, ಮಾವ?"

ಬುತ್ತಿಯನ್ನು ಅವಳ ಕೈಗಿಟ್ಟು ಹೊರಟೆ.

ಪರೀಕ್ಷಕರು ಬರುವ ದಿನ ಅವಳು ನಸುಕಿಗೇ ಹೊರಟಳು. ಮಗ ಗಾರೆ ಮೆತ್ತುತ್ತಿದ್ದ ಕರಣೆ ಗೂಡಿನಲ್ಲಿ ಕಾಣಲಿಲ್ಲ. ಹಿಂದೆಯೇ ಹೋದೆ.

ಅವಳು ಮರವನ್ನೆಲ್ಲ ಕೆರೆದು ಹಾಕಿದ್ದಳು. ಗೋಡೆ ಬೆತ್ತಲೆ ನಿಂತಿತ್ತು. ಮಕ್ಕಳನ್ನು ಅಂಗಳದಲ್ಲಿ, ತೆರೆದ ಬಾಗಿಲಿನ ಎದುರಿಗೆ ದೂರ ಕೂರಿಸಿ ಪಾಠ ಶುರುಮಾಡಿದಳು.

"ಅಂದ್ಕೊಂಡಿದ್ದನ್ನ ಬರೀಬಾರದು, ಕಂಡದ್ದನ್ನೇ ಬರೀಬೇಕು. ನಮ್ಮ ಸರ್ ನಮಗೆ ಹೇಳಿಕೊಟ್ಟ ಮೊದಲ ಪಾಠ ಇದು. ಎದುರಿಗೆ ಏನು ಕಾಣುತ್ತೋ ಅದನ್ನ ಬರೀರಿ."

ಪರೀಕ್ಷಕರು ಹಾಳೆಗಳನ್ನು ನೋಡಿದರು. ಎಲ್ಲದರಲ್ಲೂ ಬಿರುಕು.

"ಮರ ಎಲ್ಲಿ?" ಎಂದು ಗದರಿದರು ಮೇಷ್ಟ್ರು.

"ಮರ ಇರಲೇ ಇಲ್ಲ ಸಾರ್," ಎಂದಳು ಮುಂದೆ ಕೂತಿದ್ದ ಪುಟ್ಟಿ. "ಒಳಗೆ ಇದೇ ಇತ್ತು."

ಪರೀಕ್ಷಕರು ಕನ್ನಡಕ ಒರೆಸಿಕೊಂಡರು. "ಕೊಟ್ಟ ಕೆಲಸ ಮಾಡಿಲ್ಲ," ಎಂದು ಕಾರು ಹತ್ತಿ ಹೋದರು. ಗೋಡೆಯ ಕಡೆ ಅವರು ಕತ್ತು ಕೂಡ ತಿರುಗಿಸಲಿಲ್ಲ.

"ನಿನ್ನ ಓದು ಇವತ್ತಿಗೆ ಮುಗೀತು. ಮಕ್ಕಳನ್ನ ಒಳಗೆ ಕಳಿಸು!" ಎಂದು ಕೂಗಿದರು ಮೇಷ್ಟ್ರು.

ಸೊಸೆ ಬಾಗಿಲಿಗೆ ಅಡ್ಡ ನಿಂತಳು. ಅವಳ ಕೈಯಲ್ಲಿ ಕರಣೆ. ಮಕ್ಕಳನ್ನು ಊಟಕ್ಕೆ ಕರೆದೊಯ್ಯಲು ಬಂದ ತಾಯಂದಿರ ಕೈಗೆ ಹಾಳೆಗಳು ಹೋದವು. ಒಬ್ಬಳು ಹಾಳೆ ನೋಡಿದಳು, ಗೋಡೆ ನೋಡಿದಳು, ಸೊಸೆಯ ಪಕ್ಕಕ್ಕೆ ಬಂದು ನಿಂತಳು. ಹಿಂದೆಯೇ ಉಳಿದವರೂ ಬಂದರು.

ಮೇಷ್ಟ್ರು ದನಿ ತಗ್ಗಿಸಿದರು. "ಸುಮ್ಮನೆ ಹೆದರ್ತೀರಲ್ಲಮ್ಮ. ಮೇಲೆ ದೇವರಿದ್ದಾನೆ, ಏನೂ ಆಗಲ್ಲ."

ದೇವರ ಹೆಸರು ಕೇಳಿ ನನ್ನ ಕೈ ತಾನಾಗಿ ಮೇಲೆದ್ದಿತು. ಮುಗಿಯಲಿಲ್ಲ. ಬಾಗಿಲು ತೋರಿಸಿದೆ.

"ಹಾಗಾದ್ರೆ ಮೊದಲು ನೀವು ಒಳಗೆ ಹೋಗಿ ಕೂತ್ಕೊಳ್ಳಿ ಸ್ವಾಮಿ."

ಹೆಂಗಸರು ಸರಿದು ದಾರಿ ಬಿಟ್ಟರು. ಮೇಷ್ಟ್ರು ಹೊಸ್ತಿಲವರೆಗೆ ಬಂದರು. ಒಳಗಿನಿಂದ ಮರಳು ಉದುರುವ ಸಣ್ಣ ಸದ್ದು ಕೇಳಿಸುತ್ತಿತ್ತು.

ಅವರು ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟರು.